ಹನ್ನೊಂದಕ್ಕೇ ತುಂಬಿದ್ದ ಬ್ಯಾಟರಿ

ನಾನು, ವಯಸ್ಸು ಐವತ್ತೇಳು, ವಿದ್ಯುತ್ ತರಬೇತಿ ಕೇಂದ್ರದ ಹಿರಿಯ ಬೋಧಕ, ವಾಸ ಉಪಕೇಂದ್ರದ ಹಿಂದಿನ ಸಿಬ್ಬಂದಿ ವಸತಿಯ ಮೂರನೇ ಮನೆ, ಕಚೇರಿಯಲ್ಲಿ ಎಲ್ಲರೂ ವೋಲ್ಟ್ ಮೇಷ್ಟ್ರು ಎಂದು ಕರೆಯುವವನು, ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಬಡಾವಣೆಯಲ್ಲಿ ಒಂದೇ ಟ್ರಾನ್ಸ್‌ಫಾರ್ಮರಿಗೆ ಸೇರಿದ ಅರವತ್ತೆರಡು ಮನೆಗಳ ಮೇಲೆ ಸೌರಫಲಕಗಳಿವೆ. ನಡುಹಗಲು ಉತ್ಪಾದನೆ ಹೆಚ್ಚು, ಬಳಕೆ ಕಡಿಮೆ. ಆಗ ತಂತಿಯ ಕೊನೆಯಲ್ಲಿ ವೋಲ್ಟೇಜ್ ಏರುತ್ತದೆ. ಆ ಹೆಚ್ಚುವರಿಯನ್ನು ಹೀರಿಕೊಳ್ಳಲೆಂದೇ ಟ್ರಾನ್ಸ್‌ಫಾರ್ಮರಿನಿಂದ ನಾನೂರು ಮೀಟರ್ ದೂರದ ಪಂಪ್‌ಹೌಸಿನ ಪಕ್ಕದಲ್ಲಿ ಬ್ಯಾಟರಿ ಘಟಕವನ್ನು ಇರಿಸಲಾಗಿದೆ. ಅದು ಬೆಳಿಗ್ಗೆ ಖಾಲಿ ಇದ್ದರೆ ಮಾತ್ರ ಮಧ್ಯಾಹ್ನ ಉಪಯೋಗಕ್ಕೆ ಬರುತ್ತದೆ.

ನಿನ್ನೆ ಮಂಗಳವಾರ 12.40ಕ್ಕೆ ತಂತಿಯ ಕೊನೆಯಲ್ಲಿರುವ ಮಕ್ಕಳ ಚಿಕಿತ್ಸಾಲಯದಲ್ಲಿ, 230 ಇರಬೇಕಾದ ವೋಲ್ಟೇಜ್ 268 ಮುಟ್ಟಿ, ಲಸಿಕೆಗಳಿದ್ದ ಫ್ರಿಜ್ ಸುಟ್ಟಿತು. ದಾಖಲೆಯ ಪ್ರಕಾರ ಬೆಳಿಗ್ಗೆ 6.10ಕ್ಕೆ ನನ್ನ ಶಿಷ್ಯೆಯಾದ ತರಬೇತಿ ಎಂಜಿನಿಯರ್ ಹುಡುಗಿಯ ಪಾಸ್‌ವರ್ಡ್ ಬಳಸಿ, ಫೋನಿನಿಂದ ಬ್ಯಾಟರಿಯನ್ನು ತುಂಬಲು ಹಚ್ಚಲಾಗಿದೆ. ಘಟಕದ ಮೇಲ್ವಿಚಾರಕರು ಆಕೆಯ ಮೇಲೆ ದೂರು ಕೊಟ್ಟಿದ್ದಾರೆ. ಆ ದೂರು ನಿಜವೆಂದಾದರೆ ಮುಂದಿನ ಸೋಮವಾರದ ಕಾಯಂ ನೇಮಕಾತಿ ಆಕೆಗೆ ಸಿಗದು. ಏನ್ ಮೇಷ್ಟ್ರೇ, ನಿಮ್ಮ ಬಂಗಾರದಂಥ ಹುಡುಗಿ ಬಾಲ ಬಿಚ್ಚಿದಳಲ್ಲ ಎಂದು ಮೇಲ್ವಿಚಾರಕರು ನನ್ನೆದುರೇ ನಕ್ಕರು.

ಆ ನಗು ನನಗೆ ಸರಿಕಾಣಲಿಲ್ಲ. 6.10ಕ್ಕೆ ಹುಡುಗಿ ಒಂಬತ್ತು ಕಿಲೋಮೀಟರ್ ದೂರದ ಅಭ್ಯಾಸ ಮೈದಾನದಲ್ಲಿ, ನನ್ನ ಕಣ್ಣೆದುರು, ಕಂಬದ ಮೇಲಿದ್ದಳು. ಹತ್ತುವ ಮುನ್ನ ತರಬೇತಿಯ ಹನ್ನೆರಡೂ ಮಂದಿಯ ಫೋನ್‌ಗಳನ್ನು ನಾನು ಇಸಿದುಕೊಂಡು ಚೀಲಕ್ಕೆ ಹಾಕಿದ್ದೆ, ಹಿಂತಿರುಗಿಸಿದ್ದು 7.30ಕ್ಕೆ. ತರಬೇತಿಯವರ ಪಾಸ್‌ವರ್ಡ್ ಬರೆದಿಟ್ಟ ಪುಸ್ತಕ ಮೇಲ್ವಿಚಾರಕರ ಡ್ರಾಯರಿನಲ್ಲಿರುತ್ತದೆ, ಕೀಲಿಯೂ ಅವರ ಬಳಿಯೇ. 11.00ಕ್ಕೆ ನಿರ್ದೇಶಕರು ಘಟಕ ನೋಡಲು ಬಂದಾಗ ಪರದೆಯ ಮೇಲಿನ ನೂರು ಎಂಬ ಅಂಕಿಯನ್ನು ತೋರಿಸಿ, ನೋಡಿ ಸಾರ್, ಕಂಠಪೂರ್ತಿ ತುಂಬಿದೆ ಎಂದವರೂ ಅವರೇ. ತುಂಬಿದ ಬ್ಯಾಟರಿ ನೋಡುವವರಿಗೆ ಚೆಂದ. ನಿರ್ದೇಶಕರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

11.08ಕ್ಕೆ ಹುಡುಗಿ ನನ್ನ ಹಿಂದೆ ಬಂದು ನಿಂತು, ಸಾರ್, ಈ ಹೊತ್ತಿಗೆ ಖಾಲಿ ಇರ್ಬೇಕಿತ್ತಲ್ವಾ, ಇನ್ನು ಬರೋ ಬಿಸಿಲನ್ನ ಇದು ಎಲ್ಲಿ ಇಟ್ಕೊಳ್ಳುತ್ತೆ ಎಂದು ಕೇಳಿದಳು. ಸುಮ್ನಿರಮ್ಮ, ದೊಡ್ಡೋರ ಮುಂದೆ ಮಾನ ಕಳೀಬೇಡ ಎಂದೆ. ಅನುಮಾನ ಬಂದರೆ ಬಾಯಿಬಿಟ್ಟು ಕೇಳಿ ಎಂದು ಇಪ್ಪತ್ತೊಂಬತ್ತು ವರ್ಷಗಳಿಂದ ಮಕ್ಕಳಿಗೆ ಕಲಿಸುತ್ತಿರುವವನು ನಾನು.

ಆಕೆ ಬಿಡಲಿಲ್ಲ. ಘಟಕದ ಬಾಗಿಲು ತೆರೆದು, ಅರ್ಧ ಮನೆಗಳ ಫಲಕಗಳನ್ನು ನಿಲ್ಲಿಸುವ ಗುಂಡಿಗೆ ಕೈ ಚಾಚಿದಳು. ನಾನು ಆಕೆಯ ತೋಳು ಹಿಡಿದು ಹಿಂದಕ್ಕೆ ಎಳೆದೆ. ಆಗ ಸಮಯ 11.10. ಫ್ರಿಜ್ ಸುಡಲು ಇನ್ನೂ ತೊಂಬತ್ತು ನಿಮಿಷಗಳಿದ್ದವು.

ಆಕೆ ಘಟಕಕ್ಕೆ ಕೈ ಹಾಕಿದ್ದನ್ನು ಎಲ್ಲರೂ ಕಂಡಿದ್ದಾರೆ ಎಂದು ದೂರಿನಲ್ಲಿ ಬರೆದಿದೆ. ನಿಜ, ಕೈ ಹಾಕಿದಳು. ಏಕೆ ಎಂಬುದನ್ನು ಬೆಳಗಿನಿಂದ ಪಕ್ಕದ ಕೊಠಡಿಯಲ್ಲಿ ಎಷ್ಟು ಕೇಳಿದರೂ ಆಕೆ ಹೇಳಿಲ್ಲವೆಂದು ಠಾಣೆಯ ಸಾಹೇಬರು ತಿಳಿಸಿದರು. ಹೇಳಿದರೆ ನನ್ನ ಹೆಸರು ಬರುತ್ತದೆ. ಆದ್ದರಿಂದ ನಾನೇ ಹೇಳುತ್ತಿದ್ದೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಲಾಯಿತು. ನಾನು ಕಂಡದ್ದು, ಮಾಡಿದ್ದು ಇಷ್ಟೇ; ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಠಾಣೆಯ ಮುಂದಿನ ಕೊಠಡಿ
ದಿನ: ಬುಧವಾರ, ಸಂಜೆ 4.20
(ಸಹಿ) ಹಿರಿಯ ಬೋಧಕ