ಬೆನ್ನ ಹಿಂದಿನ ಗೋಡೆ

ಅಲ್ಲ ರೀ, ನಾನು ಕೇಳ್ತಿರೋದು ಒಂದೇ ಪ್ರಶ್ನೆ. ನಾನು ಪಾಠ ಮಾಡ್ತಿರುವಾಗ ಬರೀ ಬನಿಯನ್ನಲ್ಲಿ ನನ್ನ ಬೆನ್ನ ಹಿಂದೆ ಹಾದುಹೋಗೋದು ಅಂದ್ರೆ ಏನರ್ಥ? ...ಬಗ್ಗಿಕೊಂಡು ಹೋದೆ ಅಂತ ಅಭಿನಯಿಸಿ ತೋರಿಸಬೇಡಿ! ಬಗ್ಗಿದ್ದಕ್ಕೇ ಎಡವಟ್ಟಾಯ್ತು. ನನ್ನ ಎಡಭುಜದ ಮೇಲೆ ನಿಮ್ಮ ಬೋಳುತಲೆ ಹುಣ್ಣಿಮೆ ಚಂದ್ರನ ಹಾಗೆ ಮೂಡಿತು, ಬಲಭುಜದಲ್ಲಿ ಮುಳುಗಿತು. ಯಾಕೆ ನಗ್ತೀರಿ? ನಗಬೇಡಿ. ಹೊಸದಾಗಿ ಕೆಲಸಕ್ಕೆ ಸೇರಿದ ಅಷ್ಟೂ ಮಕ್ಕಳು ಪರದೆ ಮೇಲೆ ಸಾಲಾಗಿ ಕೂತು ನೋಡಿದರು. ಜೊತೆಗೆ ಅವರ ಮೇಲಧಿಕಾರಿಣಿ ಬೇರೆ.

ಇವತ್ತಿನ ಪಾಠ ಏನು ಗೊತ್ತಾ? ವಿಡಿಯೋ ಕಾಲ್‌ನಲ್ಲಿ ಹೇಗೆ ಕಾಣಬೇಕು, ಹೇಗೆ ಕೇಳಿಸಬೇಕು ಅಂತ. ಬೆಳಕು ಮುಖಕ್ಕೆ ಬೀಳಬೇಕು, ಬೆನ್ನಿಗಲ್ಲ. ಕಣ್ಣು ಕ್ಯಾಮೆರಾ ಮೇಲಿರಬೇಕು, ತಮ್ಮದೇ ಮುಖದ ಮೇಲಲ್ಲ. ಬೆನ್ನ ಹಿಂದಿನ ಗೋಡೆ ಶುಭ್ರವಾಗಿರಬೇಕು. "ನೀವು ಬಾಯಿ ತೆರೆಯುವ ಮೊದಲೇ ನಿಮ್ಮ ಮನೆ ನಿಮ್ಮ ಬಗ್ಗೆ ಮಾತಾಡಿಬಿಟ್ಟಿರುತ್ತದೆ" ಅಂತ ಹೇಳಿ ಬಾಯಿ ಮುಚ್ಚಿಲ್ಲ ರೀ... ಸರಿಯಾಗಿ ಆಗಲೇ ನೀವು!

ಮತ್ತೆ ನಗು. ಏನು, ನನ್ನ ಕಾಲು ನೋಡಿಯಾ? ಹೌದು, ಮೇಲೆ ಇಸ್ತ್ರಿ ಸೀರೆ, ಕೆಳಗೆ ನಿಮ್ಮ ತೂತುಬಿದ್ದ ಕಾಲುಚೀಲ. ಕಾಲು ಕ್ಯಾಮೆರಾಗೆ ಕಾಣೋದಿಲ್ಲ. ಕಾಣದ್ದಕ್ಕೆ ನಿಯಮವೂ ಇಲ್ಲ.

ಬಿಸಿನೀರು ತಂದಿರಿ, ಗೊತ್ತು. ನನ್ನ ಗಂಟಲು ಕಟ್ಟಿತ್ತು, ನಿಜ. ಒಪ್ಪಿದೆ. ಆದರೆ... ಒಂದು ನಿಮಿಷ. ಗಂಟಲು ಕಟ್ಟಿದ್ದು ನಿಮಗೆ ಹೇಗೆ ಗೊತ್ತಾಯ್ತು? ಅಡುಗೆಮನೆಗೆ ಕೇಳಿಸ್ತಿತ್ತಾ? ಬಾಗಿಲು ಹಾಕಿತ್ತಲ್ಲ... ಓ. ಹಾಕಿರಲಿಲ್ಲವಾ.

ಇರಲಿ. ಅವರ ಮಾತಂತೂ ನಿಮಗೆ ಕೇಳಿಸಿರೋದಿಲ್ಲ, ಅದು ನನ್ನ ಇಯರ್‌ಫೋನ್‌ನಲ್ಲೇ ಇತ್ತು. ಒಬ್ಬ ಹುಡುಗಿ ಕೇಳಿದಳು, "ಮೇಡಂ, ಯಾರದು ಹಿಂದೆ?" ಅಂತ. ನಾನೂ ಹೇಳಿದೆ. ಏನೋ ಹೇಳಿದೆ. ನಮ್ಮ ಮನೆಯವರು ಅಂದೆ! ಗಂಡನನ್ನು ಇನ್ನೇನಂತ ಹೇಳ್ತಾರೆ?

ಯಾಕೆ ನಗೋದು ನಿಲ್ಲಿಸಿದಿರಿ?

ರೀ... ಎಲ್ಲಿಗೆ ಎದ್ದಿರಿ? ನಾನಿನ್ನೂ ಮುಗಿಸಿಲ್ಲ. ಅದೇನು ಕೈಯಲ್ಲಿ, ಸ್ಪ್ಯಾನರಾ? ಗಿರಣಿಯ ಫಿಟ್ಟರ್ ಕೆಲಸ ಬಿಟ್ಟ ಮೇಲೆ ಆ ಸಲಕರಣೆ ಪೆಟ್ಟಿಗೆ ಮುಟ್ಟಿದವರಲ್ಲ ನೀವು. ಆ ನಲ್ಲಿ ಯಾಕೆ ಬಿಚ್ತೀರಿ? ಅದು ಸೋರ್ತಿಲ್ಲ ರೀ. ಚೆನ್ನಾಗೇ ಇದೆಯಲ್ಲ... ಚೆನ್ನಾಗೇ...

ಕೇಳಿಸಿದೆ. ನಿಮಗೆ ಕೇಳಿಸಿದೆ.

ಬಾಯಿಗೆ ಬಂದುಬಿಡ್ತು ರೀ. "ನಲ್ಲಿ ರಿಪೇರಿಗೆ ಬಂದವನು" ಅಂದೆ. ಬಂದವರು ಅಂತಲೂ ಅನ್ನಲಿಲ್ಲ. ಪ್ರತಿ ಅಕ್ಷರವನ್ನೂ ಬಿಡಿಸಿ ಉಚ್ಚರಿಸಬೇಕು ಅಂತ ಮಕ್ಕಳಿಗೆ ಹೇಳ್ತೀನಲ್ಲ, ಹಾಗೇ ಉಚ್ಚರಿಸಿದೆ. ಎಲ್ಲರೂ ತಲೆಯಾಡಿಸಿದರು. ಮೇಲಧಿಕಾರಿಣಿ "ಪಾಪ, ಪರವಾಗಿಲ್ಲ" ಅಂದಳು. ನನಗೆ ಸಮಾಧಾನ ಆಯ್ತು. ಇದನ್ನೂ ಕೇಳಿಸಿಕೊಂಡುಬಿಡಿ. ಆ ಕ್ಷಣ ನನಗೆ ಸಮಾಧಾನ ಆಯ್ತು ರೀ.

ನಿವೃತ್ತಿಗೆ ಮುಂಚೆ ಶಾಲೆಯಲ್ಲಿ ನಾನು ಹಾಗೆ ಮಾಡಿದ್ದಿದೆಯಾ? ವಾರ್ಷಿಕೋತ್ಸವಕ್ಕೆ ಗಿರಣಿಯಿಂದ ಎಣ್ಣೆಗೈಯಲ್ಲೇ ಬರ್ತಿದ್ದಿರಿ. ಮುಖ್ಯೋಪಾಧ್ಯಾಯಿನಿಯ ಯಜಮಾನರು ಅಂತ ಮೊದಲ ಸಾಲಿನಲ್ಲಿ ಕೂರಿಸ್ತಿದ್ದೆ. ಒಂದು ದಿನ ನಾಚಿದ್ದಿಲ್ಲ. ಇವತ್ತು... ಆ ಪರದೆಯಲ್ಲಿ ನನ್ನ ಮುಖ ತುಂಬಾ ಚೆನ್ನಾಗಿ ಕಾಣ್ತಿತ್ತು. ಈ ವಯಸ್ಸಿನಲ್ಲಿ, ಎಷ್ಟೋ ದಿನದ ಮೇಲೆ. ಕ್ಯಾಮೆರಾ ನೋಡಿ ಅಂತ ಅವರಿಗೆ ಹೇಳ್ತಾ ನಾನು ನನ್ನನ್ನೇ ನೋಡ್ಕೊಳ್ತಿದ್ದೆ. ಆ ಚೌಕದೊಳಗೆ ನೀವು ಬಂದಿರಿ... ಹಾಳು ಮಾಡಿದಿರಿ ಅಂತ ಅನ್ನಿಸ್ತು.

ಬೈಯಿರಿ. ಒಂದು ಮಾತು ಬೈಯಿರಿ. ನಾಳೆ ಪಾಠದ ಮೊದಲ ಮಾತೇ ಅದು, ಸುಳ್ಳು ಹೇಳಿದೆ, ಅವರು ನನ್ನ ಗಂಡ ಅಂತ ಹೇಳ್ತೀನಿ. ಮೇಲಧಿಕಾರಿಣಿ ಇರಲಿ, ಯಾರೇ ಇರಲಿ, ಹೇಳ್ತೀನಿ. ಆಯ್ತಾ? ...ಮಾತಾಡಿ ರೀ.

ಬಿಚ್ಚಿದ್ದನ್ನು ಮತ್ತೆ ಜೋಡಿಸಿದಿರಿ. ಕೈ ಒರೆಸಿಕೊಂಡಿರಿ. ಸರಿ, ಈಗ ಬನ್ನಿ, ಇಲ್ಲಿ ಕೂತ್ಕೊಳ್ಳಿ. ಹೊಸ್ತಿಲ ಆಚೆ ಯಾಕೆ ನಿಂತಿರಿ? ಪೆಟ್ಟಿಗೆ ಕೆಳಗಿಡಿ. ಒಳಗೆ ಬನ್ನಿ ಅಂತ ನಾನು ಹೇಳಬೇಕಾ ರೀ... ನಿಮಗೆ?