ಸ್ಪ್ರಿಂಗ್ ಕಿತ್ತ ಜಾವಾ

ಹಿಂದಿನ ಚಕ್ರಕ್ಕೆ ಸ್ಪ್ರಿಂಗೇ ಇಲ್ಲದ ಮೋಟಾರ್ ಬೈಕು ಕೋಲಾರ ಸೀಮೆಯಲ್ಲಿ ಮೊದಲು ಓಡಿದ್ದು ನನ್ನ ತಲೆಯಿಂದ. ಪೈಪು ಎಷ್ಟು ಓರೆಗೆ ನಿಲ್ಲಬೇಕು ಅಂತ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೀಚಿ ತೋರಿಸಿದವನು ನಾನು. ಬೆಸುಗೆ ಹಾಕಿದ ಮುನಿರಾಮಪ್ಪ ತೀರಿಕೊಂಡ. ಓಡಿಸಿದ ಗಂಗುಲಪ್ಪನೂ ಹೋದ. ಗಾಡಿ ಗುಜರಿಗೆ ಸೇರಿತು. ಇನ್ನು ಅಲ್ಲ ಅನ್ನೋರು ಯಾರಿದ್ದೀರಿ ಇಲ್ಲಿ? ಇಲ್ಲ ತಾನೆ? ಹಾಗಾದರೆ ಬಾಗಿಲು ಮುಂದಕ್ಕೆ ಹಾಕಿ ಬಂದು ಕೂತು ಕೇಳಿ.

ಗಂಗುಲಪ್ಪ ನಮ್ಮ ಚಿಕ್ಕಪ್ಪನ ಮಗ. ಊರು ವಕ್ಕಲೇರಿ ಪಕ್ಕ, ಕೆಲಸ ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಬೆಂಕಿ ಕಾಯೋದು. ಎಪ್ಪತ್ತೆಂಟನೇ ಇಸವಿ ಇರಬೇಕು. ಓಡಾಡೋಕೆ ಒಂದು ಹಳೇ ಜಾವಾ ಇಟ್ಟಿದ್ದ. ಹೆಂಡತಿ ಅಕ್ಕಯಮ್ಮ ಅವನ ಅಕ್ಕನ ಮಗಳೇ, ಹಾಗಾಗಿ ಗಂಡನನ್ನ ಮಾವ ಅಂತಲೇ ಕರೀತಿದ್ದಳು. ಆಗ ಅವಳು ಬಸುರಿ. ಮೊದಲೆರಡು ಕೂಸು ಹೊಟ್ಟೆಯಲ್ಲೇ ಹೋಗಿದ್ದವು. ಇದೂ ಹೋದರೆ ನಾನು ಉಳಿಯಲ್ಲ ಮಾವ ಅಂತ ಹೇಳಿಬಿಟ್ಟಿದ್ದಳು. ಸುಮ್ಮಸುಮ್ಮನೆ ಹೇಳೋ ಹೆಂಗಸಲ್ಲ ಅದು.

ಒಂದು ರಾತ್ರಿ ದಾರಿಯಲ್ಲಿ ಪೆಟ್ರೋಲ್ ಮುಗೀತು. ಗಾಡಿ ತಳ್ಳಿಕೊಂಡು ನಡೆದು ಬರ್ತಿದ್ದ. ರಸ್ತೆ ಪಕ್ಕ ಆಲದ ಮರ, ಅದರ ಬುಡಕ್ಕೇ ಹಾಳುಬಾವಿ. ಗಾಳಿ ಇಲ್ಲ. ಚೈನು ಕಿಟಿಕಿಟಿ ಅಂತಿದ್ದದ್ದೊಂದೇ ಸದ್ದು. ಬಾವಿ ದಾಟಿದ...

ಕುಂಯ್ಯ್...

ಹಿಂದಿನ ಎರಡು ಸ್ಪ್ರಿಂಗೂ ಒಟ್ಟಿಗೇ ಕೆಳಗಿಳಿದವು. ನಿಧಾನವಾಗಿ. ಹೆಂಗಸರು ಸೀರೆ ಒತ್ತರಿಸಿಕೊಂಡು ಒಂದು ಪಕ್ಕಕ್ಕೆ ಕೂತರೆ ಇಳಿಯುತ್ತವಲ್ಲ, ಹಾಗೆ. ತಿರುಗಿ ನೋಡಿದ. ಸೀಟು ಖಾಲಿ. ಗಾಡಿ ಮಾತ್ರ ರಾಗಿ ಮೂಟೆ ಹೇರಿದಂಗೆ ಭಾರ. ತಳ್ಳಿದ... ಬೆವರು ಕಣ್ಣಿಗಿಳೀತು, ಒರೆಸಿಕೊಳ್ಳೋಕೂ ಧೈರ್ಯ ಬರಲಿಲ್ಲ. ಮುಂದೆ ಒಂದು ಕವಲು. ನೇರ ಹೋದರೆ ಕೋಲಾರ, ಎಡಕ್ಕೆ ಹೊರಳಿದರೆ ನಮ್ಮೂರು. ಎಡಕ್ಕೆ ಹ್ಯಾಂಡಲ್ ತಿರುಗಿಸಿದ ತಕ್ಷಣ... ಟಕ್. ಸ್ಪ್ರಿಂಗ್ ಮೇಲೆದ್ದವು. ಗಾಡಿ ಹಗುರ.

ಮಾರನೇ ರಾತ್ರಿ ಓಡಿಸಿಕೊಂಡು ಬಂದ. ಬಾವಿ ಹತ್ತಿರ ಕುಂಯ್ಯ್. ಕವಲಲ್ಲಿ ಟಕ್. ಅದರ ಮಾರನೇ ರಾತ್ರಿಯೂ ಅಷ್ಟೇ. ಹಳಬರನ್ನ ಕೇಳಿದ. ಯಾರೋ ಬಸುರಿ ಬಾವಿಗೆ ಬಿದ್ದಿದ್ದಳು ಅಂದರು ಕೆಲವರು. ಬಸುರಿ ಅಲ್ಲ, ಹೆರಿಗೆ ಮಾಡಿಸೋಕೆ ಹೊರಟಿದ್ದ ಸೂಲಗಿತ್ತಿ ಅಂದರು ಇನ್ನು ಕೆಲವರು. ಹೆಸರು ಒಬ್ಬರಿಗೂ ಗೊತ್ತಿಲ್ಲ. ಗಂಗುಲಪ್ಪನಿಗೆ ಅನ್ನ ಇಳಿಯದಂತಾಯಿತು. ಇವತ್ತು ಕವಲಲ್ಲಿ ಇಳೀತದೆ, ನಾಳೆ ಇಳಿಯದೆ ಮನೆ ತನಕ ಬಂದರೆ? ಹೊಟ್ಟೆಯೊಳಗಿನ ಕೂಸಿನ ಗತಿ?

ನನ್ನ ಹತ್ತಿರ ಬಂದು ಕೈಮುಗಿದ. ನಾನು ಹೇಳಿದೆ, ಲೇ, ಮೆತ್ತಗಿದೆ ಅಂತ ತಾನೇ ಕೂರ್ತದೆ? ಸ್ಪ್ರಿಂಗ್ ಕಿತ್ತು ಹಾಕು. ಸೊಂಟ ಮುರಿಯೋ ಗಾಡಿ ಮೇಲೆ ಯಾವ ದೆವ್ವ ಕೂರ್ತದೆ ನೋಡೋಣ.

ಮಾಲೂರು ರೈಲ್ವೆ ಗೇಟಿನ ಹತ್ತಿರ ಮುನಿರಾಮಪ್ಪನ ವೆಲ್ಡಿಂಗ್ ಶಾಪು. ಅವನು ಎರಡು ಸ್ಪ್ರಿಂಗೂ ಬಿಚ್ಚಿದ. ಚಕ್ರವನ್ನ ಮೇಲೆ ಕೆಳಗೆ ಆಡಿಸೋ ಹಿಂದಿನ ತೋಳನ್ನ ಗರಗಸದಲ್ಲಿ ಕೊಯ್ದ. ಸೀಟಿನ ಕೆಳಗಿಂದ ಚಕ್ರದ ಅಚ್ಚಿಗೆ ನೇರ ದಪ್ಪ ಪೈಪು ಕೊಟ್ಟು, ಚರ್ರ್... ಚರ್ರ್... ಅಂತ ಬೆಸುಗೆ ಹಾಕಿಬಿಟ್ಟ. ಸೀಟು ಗೇಣುದ್ದ ಕೆಳಗಿಳೀತು. ಗಾಡಿ ನೋಡೋಕೆ ಹಾರೋಕೆ ಹೊಂಚು ಹಾಕಿ ಕೂತ ಬೆಕ್ಕಿನ ಹಾಗಿತ್ತು. ನೋಡಯ್ಯ, ಇನ್ನು ನೆಲ ಹೊಡೆದ ಏಟೆಲ್ಲ ನೇರ ಬೆನ್ನುಮೂಳೆಗೇ, ಬಸುರಿಯನ್ನ ಮಾತ್ರ ಇದರ ಮೇಲೆ ಕೂರಿಸಬೇಡ ಅಂದ ಮುನಿರಾಮಪ್ಪ. ಹಗಲು ಬಸ್ಸಿದೆಯಲ್ಲ ಅಂದ ಗಂಗುಲಪ್ಪ.

ಆಮೇಲೆ ಬಾವಿ ಹತ್ತಿರ ಕುಂಯ್ಯ್ ಇಲ್ಲ. ಕವಲಲ್ಲಿ ಟಕ್ ಇಲ್ಲ. ದೆವ್ವ ಬಿಟ್ಟುಹೋಯಿತು ಅಂತ ಅವನು ನೆಮ್ಮದಿಯಾಗಿ ನಿದ್ದೆ ಮಾಡಿದ.

ದಿನ ತುಂಬೋಕೆ ಇನ್ನೂ ಬಾಕಿ ಇರುವಾಗಲೇ ಅಕ್ಕಯಮ್ಮನಿಗೆ ನೋವು ಬಂತು. ಅದೂ ನಡುರಾತ್ರಿ. ಚಾಪೆಯೆಲ್ಲ ರಕ್ತ. ಊರ ಸೂಲಗಿತ್ತಿ ಆಂಜಿನಮ್ಮ ಬಂದು ಹೊಟ್ಟೆ ಮುಟ್ಟಿ ನೋಡಿದಳು. ಎದ್ದು ಕೈ ತೊಳೆದುಕೊಂಡಳು.

"ಕೂಸು ಅಡ್ಡ ಐತೆ ಕಣಪ್ಪ. ನನ್ ಕೈಲಾಗಲ್ಲ. ಕೋಲಾರಕ್ಕೆ ಕರ್ಕೊಂಡೋಗು."

ಬಸ್ಸಿಲ್ಲ. ಎತ್ತಿನ ಗಾಡಿ ಕಟ್ಟಿದರೆ ಮುಟ್ಟೋ ಹೊತ್ತಿಗೆ ಬಿಸಿಲು ಬಂದಿರ್ತದೆ. ಇದ್ದದ್ದು ಆ ಜಾವಾ ಒಂದೇ. ರಸ್ತೆಗೋ, ಟಾರ್ ಹಾಕ್ತೀವಿ ಅಂತ ಉದ್ದಕ್ಕೂ ಜಲ್ಲಿ ಸುರಿದು ಹೋಗಿದ್ದರು. ಗಂಗುಲಪ್ಪ ಆ ಪೈಪು ನೋಡಿ ಹಣೆ ಚಚ್ಚಿಕೊಂಡ. ದೆವ್ವಕ್ಕೆ ಅಂತ ಮಾಡಿಸಿದ್ದು ಹೆಂಡತಿಗೇ ಬಂತಲ್ಲ. ಇದ್ದ ಕೌದಿಯನ್ನೆಲ್ಲ ಮಡಿಸಿ ಸೀಟಿಗೆ ಕಟ್ಟಿದ, ಅವಳನ್ನ ಎತ್ತಿ ಕೂರಿಸಿದ.

ಮೊದಲ ಕಲ್ಲಿಗೇ ಅವಳು ಕಿರುಚಿದಳು. ಎರಡನೆಯದಕ್ಕೆ ಅವನ ಭುಜ ಕಚ್ಚಿ ಹಿಡಿದಳು. ಜೋರಾಗಿ ಓಡಿಸಿದರೆ ಕುಲುಕಿ ಸಾಯ್ತಾಳೆ. ಮೆಲ್ಲಗೆ ಓಡಿಸಿದರೆ ರಕ್ತ ಹೋಗಿ ಸಾಯ್ತಾಳೆ. ಅವನು ಅಳ್ತಾ ಓಡಿಸಿದ. ಕವಲಿಗೆ ಬಂದ. ಕೋಲಾರದ ಕಡೆ ತಿರುಗೋಕೆ ಅಂತ ಕಾಲೂರಿದ. ಇಂಜಿನ್ನು ದುಗು ದುಗು ಅಂತಿತ್ತು. ಕಿವಿ ಹತ್ತಿರ ಅಕ್ಕಯಮ್ಮ ಪಿಸುಗುಟ್ಟಿದಳು.

"ಮಾವಾ... ಒಂಚೂರು ಮುಂದಕ್ಕೆ ಜರುಗು."

"ಯಾಕೆ?"

"ಈಯಮ್ಮ ಕೂತ್ಕೋಬೇಕಂತೆ."

ಅವನು ತಿರುಗಲಿಲ್ಲ. ಕತ್ತು ತಿರುಗಿದರೆ ತಾನೆ...

"ಎಲ್ಲಿಗಂತೆ?"

"ಕೋಲಾರಕ್ಕಂತೆ."

ಗಾಡಿ ಬಿಟ್ಟು ಓಡೋಣ ಅಂದರೆ ಹೆಂಡತಿ ಹಿಂದೆ ಇದ್ದಾಳೆ. ಬೇಡ ಅಂತ ಬೇಡಿಕೊಳ್ಳೋಣ ಅಂದರೆ ಯಾರನ್ನ? ಜರುಗಿದ. ಪೆಟ್ರೋಲ್ ಟ್ಯಾಂಕಿನ ಮೇಲೇ ಕೂತ. ಗೇರು ಹಾಕಿದ.

ಜಲ್ಲಿ ಮೇಲೆ ಅವನ ಹಲ್ಲು ಕಟಕಟ ಕುಟ್ಟಿಕೊಂಡವು, ನಾಲಿಗೆ ಕಚ್ಚಿಕೊಂಡು ಬಾಯಲ್ಲಿ ರಕ್ತ. ಹಿಂದಿನಿಂದ ಮಾತ್ರ ಸದ್ದಿಲ್ಲ. ಅಕ್ಕಯಮ್ಮನ ನರಳಾಟ ನಿಂತೇಹೋಗಿತ್ತು. ಇದ್ದಾಳೋ, ಬಿದ್ದಳೋ? ಸ್ಪ್ರಿಂಗ್ ಇದ್ದಿದ್ದರೆ ಅಷ್ಟಾದರೂ ತಿಳೀತಿತ್ತು. ನಿಲ್ಲಿಸಿ ನೋಡೋಕೆ ಭಯ, ನೋಡದೆ ಹೋಗೋಕೂ ಭಯ. ಆಗ ಕೇಳಿಸ್ತು... ಮುದಿ ಗಂಟಲು. ಹೆರಿಗೆ ಕೋಣೆಯಲ್ಲಿ ಹೆಂಗಸರು ಅಂತಾರಲ್ಲ, ಅದೇ.

"ಹೂಂ... ಹೂಂ... ಹೂಂ..."

ಆಸ್ಪತ್ರೆ ದೀಪ ಕಾಣೋ ತನಕ ಅದು ನಿಲ್ಲಲಿಲ್ಲ.

ಅಡ್ಡ ಇದೆ ಅಂತ ಯಾರು ಹೇಳಿದ್ದು, ಕೂಸು ನೆಟ್ಟಗೇ ಇದೆಯಲ್ಲ ಅಂತ ಗದರಿದಳಂತೆ ನರ್ಸು. ಬೆಳಕು ಹರಿಯೋಕೆ ಮುಂಚೆ ಹೆಣ್ಣು ಕೂಸು ಅತ್ತಿತು. ಗಂಗುಲಪ್ಪ ಒಳಗೆ ಹೋಗಿ ಹೆಂಡತಿಯ ಕಾಲು ಹಿಡಿದುಕೊಂಡ. ಆ ಕಲ್ಲುಗಳಲ್ಲಿ ನಿನ್ನನ್ನ ಕೊಂದೇಬಿಟ್ಟೆ ಅಂದ್ಕೊಂಡಿದ್ದೆ ಅಂದ.

"ಯಾವ ಕಲ್ಲು ಮಾವ? ಆಯಮ್ಮನ ತೊಡೆ ಮೇಲಲ್ವಾ ನಾನು ಕೂತಿದ್ದು?"

ಅವನು ಹೊರಗೆ ಬಂದ. ಅಷ್ಟರಲ್ಲಿ ಆಯಾ ಎರಡು ಲೋಟ ಕಾಫಿ ತಂದು ಬೆಂಚಿನ ಮೇಲೆ ಇಟ್ಟಿದ್ದಳು. ಒಂದು ನಿನಗೆ, ಒಂದು ನಿಮ್ಮ ಜೊತೆ ಬಂದ ಅಜ್ಜಿಗೆ ಅಂದಳು. ಅವನ ಲೋಟ ತುಂಬಿತ್ತು. ಇನ್ನೊಂದು ಖಾಲಿ. ಅಂಚಿನಲ್ಲಿ ಎಲೆಅಡಿಕೆ ಕೆಂಪು ಹತ್ತಿತ್ತು. ಗಂಗುಲಪ್ಪ ಎಲೆಅಡಿಕೆ ಮುಟ್ಟಿದವನಲ್ಲ, ಅಕ್ಕಯಮ್ಮನೂ ಮುಟ್ಟಿದವಳಲ್ಲ. ಸುದ್ದಿ ತಿಳಿದು ಬೆಳಿಗ್ಗೆ ಹೋದ ನಾನು ಆ ಲೋಟ ಕೈಯಲ್ಲಿ ಹಿಡಿದು ನೋಡಿದೀನಿ. ನಡೆದದ್ದು ನಡೆದಂಗೇ ಹೇಳ್ತಿದೀನಿ.

ಕೇಳ್ತಾ ಕೂತಿದ್ದ ಪಕ್ಕದ ಮನೆ ಕದಿರೇಶ ಬಾಯಿ ಹಾಕಿದ.

"ತಾತ, ಅಕ್ಕಯಮ್ಮಜ್ಜಿಗೆ ಎಲೆಅಡಿಕೆ ಕುಟ್ಟಿಕೊಡ್ತಿದ್ದೋನು ನಾನೇ. ಅದಿಲ್ಲದೆ ಅಜ್ಜಿ ಬಾಯಿ ನೋಡೇ ಇಲ್ಲ."

ನಾನು ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡೆ.

"ಅದಕ್ಕೆ ನಾನೇನ್ ಮಾಡ್ಲಿ? ಆಮೇಲೆ ಕಲಿತಳು ಕಣೋ."