ಒಂದೊಂದೇ ಗುಂಡಿನ ರೈಫಲ್

ಲಾಕ್‌ಡೌನ್ ಸಡಿಲವಾದ ಮೊದಲ ಭಾನುವಾರ. ಕ್ವಾಲಾಲಂಪುರದ ಶೂಟಿಂಗ್ ಕ್ಲಬ್ಬಿನ ಸಾಲಿನಲ್ಲಿ ನಿಂತಿದ್ದ ಕನ್ನಡಿಗ ಮೌರಿಸನ ಕಿವಿಗೆ ಮುಂದಿನ ಎರಡು ಮಾಸ್ಕುಗಳೊಳಗಿಂದ ಅಪ್ಪಟ ಮೈಸೂರು ಕನ್ನಡ ಬಿತ್ತು. ಗಂಡ ಹೆಂಡತಿ ಬಾಡಿಗೆಗೆ ಪಾಯಿಂಟ್ ಟೂ-ಟೂ ರೈಫಲ್ ಆರಿಸುತ್ತಿದ್ದರು. ಪಕ್ಕದಲ್ಲಿ ಮಗಳು ಫೋನಿನಲ್ಲಿ ಮುಳುಗಿದ್ದಳು.

"ಹತ್ತು ಗುಂಡಿಂದು ತಗೊಳ್ರೀ. ಹತ್ರಲ್ಲಿ ಒಂದಾದ್ರೂ ತಾಗತ್ತೆ."

"ನನ್ನ ಗುರಿ ನಿಂಗೊತ್ತಿಲ್ವಾ? ಕಸದ ಡಬ್ಬಿಗೆ ಟಿಶ್ಯೂ ಎಸೆದ್ರೆ ಫ್ರಿಜ್ ಮೇಲೆ ಬೀಳತ್ತೆ. ಹತ್ತೂ ಗೋವಿಂದ! ಒಂದೊಂದೇ ಗುಂಡು ಹಾಕೋದು ಸಾಕು."

"ಯಾಕೆ, ಮರ್ಯಾದೆ ಕಂತಲ್ಲಿ ಹೋಗ್ಲಿ ಅಂತಾನಾ?"

"ಹೂಂ ಕಣೇ. ಹತ್ತು ಗುಂಡಾದ್ರೆ ಗಾನವಿ ಎರಡೇ ನಿಮಿಷದಲ್ಲಿ ಮುಗಿಸಿ ಮತ್ತೆ ಫೋನ್ ಹಿಡೀತಾಳೆ. ಇದಾದ್ರೆ ಒಂದೊಂದು ಗುಂಡಿಗೂ ಸರದಿ, ಒಬ್ರು ಹೊಡೆಯೋವಾಗ ಇಬ್ರು ಕಾಯ್ಬೇಕು. ಕಾಯೋವಾಗ ಏನಾದ್ರೂ ಮಾತಾಡ್ತಾಳೇನೋ. ಆನ್‌ಲೈನ್ ಕ್ಲಾಸ್ ಅಂತ ರೂಮಿನ ಬಾಗಿಲು ಹಾಕ್ಕೊಂಡು ಒಂದೂವರೆ ವರ್ಷ ಆಯ್ತು."

ಹೆಂಡತಿ ಮಗಳ ಕಡೆ ತಿರುಗಿ ನೋಡಿದಳು.

"ಮಾತಾಡ್ದೇ ಇದ್ರೆ?"

"ನಾನು ಹೊಡೆಯೋದು ನೋಡಿ ನಗ್ತಾಳಲ್ಲ, ಅಷ್ಟಕ್ಕಾದ್ರೂ ಬಾಯಿ ಬಿಡ್ಲಿ."

ಕೌಂಟರಿನವನು ಕೈಬೀಸಿ ಕರೆದ. ಹುಡುಗಿ ತಲೆ ಎತ್ತದೆಯೇ ಅಲ್ಲಿನವರ ಇಂಗ್ಲಿಷಿನಲ್ಲಿ ಅಂದಳು:

"ಅಪ್ಪಾ, ಯೂ ಗೋ ಫಸ್ಟ್ ಲಾ. ಐ ವಾಂಟ್ ಟು ವಾಚ್."

"ನೋಡೇ, ಇನ್ನೂ ಗುಂಡೇ ಹಾಕಿಲ್ಲ, ಆಗ್ಲೇ ಬಾಯಿ ಬಿಟ್ಲು!" ಎನ್ನುತ್ತಾ ಗಂಡ ಕೌಂಟರಿನತ್ತ ಹೆಚ್ಚುಕಡಿಮೆ ಓಡಿಯೇಬಿಟ್ಟ.